ಪವರ್ ಬಿಐ: ಸೆಂಟರ್‌ವಾರು ಗ್ರೇಡ್ ಪಾಲು ತೆಗೆದರೆ ಎಲ್ಲ ಸಾಲಲ್ಲೂ 100% ಬರುತ್ತಿದೆ, ಯಾಕೆ?

ಮುಳಬಾಗಿಲು_ಮಾಲು

ಎಲ್ಲರಿಗೂ ನಮಸ್ಕಾರ. ನಾನು ಮುಳಬಾಗಿಲು ತಾಲ್ಲೂಕಿನ ಒಂದು ರೈತ ಉತ್ಪಾದಕ ಕಂಪನಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ನಮ್ಮದು ಮುಖ್ಯವಾಗಿ ಟೊಮೆಟೊ. ಬೈರಕೂರು, ಆವಣಿ, ತಾಯಲೂರು, ಈ ಮೂರು ಕಡೆ ಕಲೆಕ್ಷನ್ ಸೆಂಟರ್ ಇವೆ. ರೈತರು ಮಾಲು ತಂದು ಹಾಕುತ್ತಾರೆ. ಅಲ್ಲೇ ಗ್ರೇಡ್ ಮಾಡಿ, 15 ಕೆಜಿ ಬಾಕ್ಸ್ ತುಂಬಿ, ಕೋಲಾರದ ಎಪಿಎಂಸಿಗೆ ಲೋಡು ಕಳಿಸುತ್ತೇವೆ. ಚೀಟಿಗಳೆಲ್ಲ ಎಕ್ಸೆಲ್‌ಗೆ ಹೋಗುತ್ತವೆ. ಎಕ್ಸೆಲ್ ಫೈಲನ್ನು ರಿಪೋರ್ಟ್ ಮಾಡುವ ತಂತ್ರಾಂಶವಾದ ಪವರ್ ಬಿಐ ಡೆಸ್ಕ್‌ಟಾಪ್‌ಗೆ ಜೋಡಿಸಿದ್ದೇನೆ.

ಟೇಬಲ್ ಒಂದೇ, ಹೆಸರು ಮಾಲು. ಅದರಲ್ಲಿ ದಿನಾಂಕ, ಸೆಂಟರ್, ರೈತರ ನಂಬರ್, ಗ್ರೇಡ್, ಬಾಕ್ಸ್, ರೇಟು ಎಂಬ ಕಾಲಂಗಳಿವೆ. ಗ್ರೇಡ್ ನಾಲ್ಕು: ಸೂಪರ್, ಮೀಡಿಯಂ, ಸಣ್ಣದು, ಡ್ಯಾಮೇಜ್.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ನಿರ್ದೇಶಕರ ಸಭೆಯಲ್ಲಿ ಪ್ರತಿ ತಿಂಗಳೂ ಒಂದೇ ಮಾತು ಬರುತ್ತದೆ. "ತಾಯಲೂರಿನಿಂದ ಸೂಪರ್ ಮಾಲು ಬರುವುದೇ ಇಲ್ಲ, ಎಲ್ಲ ಬೈರಕೂರಿನದ್ದೇ." ನಾನು ಇಲ್ಲಿಯವರೆಗೆ ಕೊಡುತ್ತಿದ್ದ ರಿಪೋರ್ಟು ಕೂಡ ಹಾಗೇ ಕಾಣುತ್ತದೆ. ಅದರಲ್ಲಿ ಇರುವುದು ಎಲ್ಲ ಸೆಂಟರ್ ಸೇರಿದ ಒಟ್ಟು ಮೊತ್ತದ ಶೇಕಡಾ. ನಿಜವಾದ ಅಂಕಿ ಇಲ್ಲಿ ಹಾಕುವ ಹಾಗಿಲ್ಲ, ಆದ್ದರಿಂದ ಲೆಕ್ಕಕ್ಕೆ ಸುಲಭವಾಗುವ ಅಂಕಿ ಕೊಡುತ್ತೇನೆ.

ಬೈರಕೂರು: ಸೂಪರ್ 2400, ಮೀಡಿಯಂ 2400, ಸಣ್ಣದು 800, ಡ್ಯಾಮೇಜ್ 400. ಒಟ್ಟು 6000 ಬಾಕ್ಸ್.
ಆವಣಿ: ಸೂಪರ್ 1250, ಮೀಡಿಯಂ 850, ಸಣ್ಣದು 300, ಡ್ಯಾಮೇಜ್ 100. ಒಟ್ಟು 2500.
ತಾಯಲೂರು: ಸೂಪರ್ 900, ಮೀಡಿಯಂ 400, ಸಣ್ಣದು 150, ಡ್ಯಾಮೇಜ್ 50. ಒಟ್ಟು 1500.

ಮೂರೂ ಸೇರಿ 10,000 ಬಾಕ್ಸ್. ಹಳೆ ರಿಪೋರ್ಟಿನಲ್ಲಿ ಬೈರಕೂರಿನ ಸೂಪರ್ 24%, ತಾಯಲೂರಿನ ಸೂಪರ್ 9% ಅಂತ ಕಾಣುತ್ತದೆ. ಆದರೆ ತಾಯಲೂರಿನ ರೈತರು ತಂದ 1500 ಬಾಕ್ಸಿನಲ್ಲಿ 900 ಸೂಪರ್. ಅಂದರೆ 60%. ಬೈರಕೂರಿನದು ಬರೀ 40%. ಅಲ್ಲಿ ರೈತರು ಜಾಸ್ತಿ, ಮಾಲು ಜಾಸ್ತಿ, ಅಷ್ಟೇ. ತಾಯಲೂರಿನವರು ಕೋಲು ನೆಟ್ಟು ದಾರ ಕಟ್ಟಿ, ಕಾಯಿ ನೆಲಕ್ಕೆ ತಾಗದ ಹಾಗೆ ಬೆಳೆಯುತ್ತಾರೆ. ಆ ಶ್ರಮ ಕಾಗದದ ಮೇಲೆ ಕಾಣದೇ ಹೋದರೆ ನನಗೆ ಸಮಾಧಾನ ಇಲ್ಲ. ಈ ಸಲ ಗ್ರೇಡಿಂಗ್ ಶೆಡ್ ಯಾವ ಸೆಂಟರ್‌ಗೆ ಅಂತ ತೀರ್ಮಾನ ಮಾಡುವುದು ಇದೇ ರಿಪೋರ್ಟ್ ನೋಡಿ.

ಅದಕ್ಕೇ ಪ್ರತಿ ಸೆಂಟರ್ ಒಳಗೆ ಪ್ರತಿ ಗ್ರೇಡಿನ ಪಾಲು ಎಷ್ಟು ಅಂತ ತೋರಿಸಲು ಹೊಸ ಮೆಷರ್ (ರಿಪೋರ್ಟಿನಲ್ಲಿ ಲೆಕ್ಕ ಮಾಡುವ ಫಾರ್ಮುಲಾ) ಬರೆದೆ. ಇಲ್ಲಿ ಓದಲು ಸುಲಭ ಆಗಲಿ ಅಂತ ಫಂಕ್ಷನ್ ಹೆಸರನ್ನೂ ಕನ್ನಡ ಅಕ್ಷರದಲ್ಲೇ ಹಾಕಿದ್ದೇನೆ. ಫೈಲಿನಲ್ಲಿ ಇಂಗ್ಲಿಷಿನಲ್ಲೇ ಇದೆ.

ಒಟ್ಟು ಬಾಕ್ಸ್ = ಸಮ್( 'ಮಾಲು'[ಬಾಕ್ಸ್] )

ಸೆಂಟರ್ ಒಳಗಿನ ಪಾಲು =
ಡಿವೈಡ್(
[ಒಟ್ಟು ಬಾಕ್ಸ್],
ಕ್ಯಾಲ್ಕ್ಯುಲೇಟ್( [ಒಟ್ಟು ಬಾಕ್ಸ್], ರಿಮೂವ್‌ಫಿಲ್ಟರ್ಸ್( 'ಮಾಲು'[ಗ್ರೇಡ್] ) )
)

ಮೊದಲು ಸರಿಯಾಗಿ ಬಂತು. ಬೈರಕೂರು ಸೂಪರ್ 40%, ತಾಯಲೂರು ಸೂಪರ್ 60%. ಆದರೆ ಗ್ರೇಡ್‌ಗಳು ಅಕ್ಷರಮಾಲೆ ಪ್ರಕಾರ ನಿಂತಿದ್ದವು: ಡ್ಯಾಮೇಜ್ ಮೊದಲು, ಸೂಪರ್ ಕೊನೆಗೆ. ನಿರ್ದೇಶಕರು ಸೂಪರ್ ಮೊದಲು ಇರಲಿ ಅಂದರು. ಡೇಟಾ ಸಿದ್ಧ ಮಾಡುವ ಪವರ್ ಕ್ವೆರಿಯಲ್ಲಿ ಗ್ರೇಡ್ ಕ್ರಮ ಅಂತ ಒಂದು ಕಾಲಂ ಸೇರಿಸಿ 1, 2, 3, 4 ಕೊಟ್ಟೆ. ಆಮೇಲೆ ಸಾರ್ಟ್ ಬೈ ಕಾಲಂ ಒತ್ತಿ ಅದನ್ನು ಗ್ರೇಡ್‌ಗೆ ಕಟ್ಟಿದೆ. ಕ್ರಮ ಸರಿಯಾಯಿತು. ಆದರೆ ಆಗಿನಿಂದ ಎಲ್ಲ ಸಾಲಲ್ಲೂ 100%! ಸೂಪರ್ 100%, ಮೀಡಿಯಂ 100%, ಡ್ಯಾಮೇಜ್ ಕೂಡ 100%. ಫಾರ್ಮುಲಾದಲ್ಲಿ ಒಂದಕ್ಷರ ಬದಲಾಗಿಲ್ಲ. ಯಾರಾದರೂ ಕಾರಣ ಹೇಳಿ.

ಕೋಲಾರ_ಮಂಡಿ

ಮೇಡಂ, ನಾನು ಕೋಲಾರದಲ್ಲಿ ಒಂದು ಮಂಡಿಯ ಲೆಕ್ಕ ಬರೆಯುತ್ತೇನೆ. ನಿಮಗೆ ಬೇಕಾದ್ದಕ್ಕೆ ಫಾರ್ಮುಲಾನೇ ಬೇಡ ಅನ್ನಿಸುತ್ತೆ. ಮೇಟ್ರಿಕ್ಸ್ (ಅಡ್ಡ ಸಾಲು, ಉದ್ದ ಕಾಲಂ ಇರುವ ಪಟ್ಟಿ) ಹಾಕಿ. ಸಾಲಿಗೆ ಸೆಂಟರ್, ಕಾಲಂಗೆ ಗ್ರೇಡ್, ವ್ಯಾಲ್ಯೂಗೆ ಬಾಕ್ಸ್. ವ್ಯಾಲ್ಯೂ ಪಕ್ಕದ ಬಾಣ ಒತ್ತಿದರೆ ಶೋ ವ್ಯಾಲ್ಯೂ ಆಸ್ ಅಂತ ಬರುತ್ತದೆ. ಅಲ್ಲಿ ಪರ್ಸೆಂಟ್ ಆಫ್ ರೋ ಟೋಟಲ್ ಆರಿಸಿ. ಪ್ರತಿ ಸೆಂಟರ್ ಸಾಲು ಅಡ್ಡಕ್ಕೆ ಕೂಡಿದರೆ 100% ಆಗುತ್ತದೆ. ಬೈರಕೂರು 40, 40, 13.3, 6.7 ಅಂತ ನೇರವಾಗಿ ಬರುತ್ತದೆ.

ಹಳೆ ರಿಪೋರ್ಟಿನಲ್ಲಿ ಇರುವುದು ಬಹುಶಃ ಅದೇ ಪಟ್ಟಿಯ ಪರ್ಸೆಂಟ್ ಆಫ್ ಗ್ರ್ಯಾಂಡ್ ಟೋಟಲ್. ಅದಕ್ಕೇ 24 ಮತ್ತು 9. ನಡುವೆ ಇರುವ ಕಾಲಂ ಟೋಟಲ್ ಆರಿಸಿದರೆ ಅದು ಬೇರೆಯೇ ಪ್ರಶ್ನೆಗೆ ಉತ್ತರ: ಒಟ್ಟು ಸೂಪರ್ ಮಾಲಿನಲ್ಲಿ ಬೈರಕೂರಿನದು ಎಷ್ಟು ಅಂತ. ನಿಮ್ಮ ಅಂಕಿಗೆ 52.7% ಬರುತ್ತದೆ. ಮಂಡಿಯವರಿಗೆ ಲೋಡು ಎಲ್ಲಿಂದ ಬರುತ್ತೆ ಅಂತ ತಿಳಿಯಲು ಅದು ಬೇಕು. ನಿಮ್ಮ ಸಭೆಗೆ ಬೇಕಾದ್ದು ರೋ ಟೋಟಲ್.

ಸಭೆಯಲ್ಲಿ ತೋರಿಸಲು ಚಾರ್ಟು ಬೇಕಿದ್ದರೆ 100% ಸ್ಟ್ಯಾಕ್ಡ್ ಬಾರ್ ಹಾಕಿ. ಮೂರು ಪಟ್ಟಿಯೂ ಒಂದೇ ಉದ್ದ ಇರುತ್ತವೆ. ಬೈರಕೂರಿನ ಗಾತ್ರ ಕಣ್ಣಿಗೆ ಬೀಳುವುದೇ ಇಲ್ಲ, ಬರೀ ಗುಣಮಟ್ಟ ಕಾಣುತ್ತದೆ.

ಮುಳಬಾಗಿಲು_ಮಾಲು

ಅಣ್ಣ, ಥ್ಯಾಂಕ್ಸ್. ರೋ ಟೋಟಲ್ ಹಾಕಿ ನೋಡಿದೆ, ಸರಿಯಾಗೇ ಬರುತ್ತದೆ. ಚಾರ್ಟಂತೂ ಸಭೆಗೆ ಖಂಡಿತ ಇಡುತ್ತೇನೆ.

ಆದರೆ ನನಗೆ ಇನ್ನೊಂದು ಪುಟ ಇದೆ. ಅಲ್ಲಿ ಸೆಂಟರ್ ಕೆಳಗೆ ರೈತರು, ರೈತರ ಕೆಳಗೆ ಗ್ರೇಡ್, ಹೀಗೆ ಒಂದರ ಕೆಳಗೆ ಒಂದು ಬಿಚ್ಚಿಕೊಳ್ಳುತ್ತದೆ. ಗ್ರೇಡ್ ಕಾಲಂನಲ್ಲಿ ಇಲ್ಲ, ಸಾಲಿನಲ್ಲಿದೆ. ಡ್ಯಾಮೇಜ್ ಪಾಲು ಜಾಸ್ತಿ ಇರುವ ರೈತರನ್ನು ಮೇಲೆ ತಂದು, ಅವರ ತೋಟಕ್ಕೆ ನಮ್ಮ ಕ್ಷೇತ್ರ ಸಿಬ್ಬಂದಿ ಹೋಗಬೇಕು. ಊಜಿ ನೊಣದ ಕಾಟವೋ, ನೀರಿನ ತೊಂದರೆಯೋ, ಕೊಯ್ಯುವಾಗಲೇ ಪೆಟ್ಟು ಬೀಳುತ್ತಿದೆಯೋ ನೋಡಬೇಕು. ಶೋ ವ್ಯಾಲ್ಯೂ ಆಸ್ ಮೂಲಕ ಬಂದ ಶೇಕಡಾವನ್ನು ಇನ್ನೊಂದು ಮೆಷರ್ ಒಳಗೆ ತೆಗೆದುಕೊಳ್ಳಲು ಆಗುತ್ತಿಲ್ಲ. ಆದ್ದರಿಂದ ಮೆಷರ್ ಬೇಕೇ ಬೇಕು. ಮತ್ತೆ ಆ 100% ಯಾಕೆ ಅಂತ ತಿಳಿಯದೆ ಮುಂದಕ್ಕೆ ಹೋಗಲು ಮನಸ್ಸಿಲ್ಲ.

ಚಿಂತಾಮಣಿ_ಲೆಕ್ಕ

ಅಮ್ಮ, ನಿಮ್ಮ ಫಾರ್ಮುಲಾ ಸರಿಯಾಗೇ ಇದೆ. ಕಾರಣ ಇರುವುದು ಆ ಸಾರ್ಟ್ ಬೈ ಕಾಲಂನಲ್ಲಿ. ನೀವು ಎಲ್ಲಿಂದ ಕೆಟ್ಟಿತು ಅಂತ ಸರಿಯಾಗಿ ಬರೆದಿರುವುದರಿಂದ ಹೇಳುವುದು ಸುಲಭವಾಯಿತು. ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಯಾಕೆಂದರೆ ಇದು ಅರ್ಥವಾದರೆ ಮುಂದಿನ ಹತ್ತು ತೊಂದರೆ ತಾನೇ ಬಿಡುತ್ತವೆ.

ಮೇಟ್ರಿಕ್ಸ್‌ನ ಪ್ರತಿ ಕೋಣೆಯೂ ತನ್ನದೇ ಫಿಲ್ಟರ್ ಹೊತ್ತುಕೊಂಡಿರುತ್ತದೆ. ಬೈರಕೂರು, ಸೂಪರ್ ಎನ್ನುವ ಕೋಣೆಯಲ್ಲಿ ಸೆಂಟರ್ ಬೈರಕೂರು, ಗ್ರೇಡ್ ಸೂಪರ್ ಎಂಬ ಎರಡು ಫಿಲ್ಟರ್. ಮೇಲಿನ ಮೊತ್ತ ಆ ಎರಡರ ಒಳಗೇ ಲೆಕ್ಕ ಆಗುತ್ತದೆ: 2400. ಕೆಳಗಿನ ಮೊತ್ತಕ್ಕೆ ನೀವು ಗ್ರೇಡ್ ಫಿಲ್ಟರ್ ತೆಗೆಯಿರಿ ಅಂದಿರಿ. ಉಳಿದದ್ದು ಬೈರಕೂರು ಒಂದೇ: 6000. ಭಾಗಿಸಿದರೆ 40%. ಮೊದಲು ಬಂದದ್ದು ಹೀಗೆ.

ಸಾರ್ಟ್ ಬೈ ಕಾಲಂ ಕೊಟ್ಟ ಮೇಲೆ ಏನಾಗುತ್ತದೆ ಅಂದರೆ, ಗ್ರೇಡನ್ನು ಜೋಡಿಸುವುದಕ್ಕೆ ಪವರ್ ಬಿಐ ತನ್ನ ಕ್ವೆರಿಯಲ್ಲಿ (ಡೇಟಾ ಕೇಳುವ ಆದೇಶದಲ್ಲಿ) ಗ್ರೇಡ್ ಕ್ರಮ ಕಾಲಂ ಕೂಡ ಸೇರಿಸಿಕೊಳ್ಳುತ್ತದೆ. ಪರದೆ ಮೇಲೆ ಅದು ಕಾಣುವುದಿಲ್ಲ. ಆದರೆ ಕೋಣೆಯಲ್ಲಿ ಈಗ ಮೂರು ಫಿಲ್ಟರ್: ಸೆಂಟರ್ ಬೈರಕೂರು, ಗ್ರೇಡ್ ಸೂಪರ್, ಗ್ರೇಡ್ ಕ್ರಮ 1. ನಿಮ್ಮ ಫಾರ್ಮುಲಾ ಗ್ರೇಡನ್ನು ಮಾತ್ರ ತೆಗೆಯುತ್ತದೆ. ಗ್ರೇಡ್ ಕ್ರಮ 1 ಹಾಗೇ ಉಳಿಯುತ್ತದೆ. ಕ್ರಮ 1 ಅಂದರೆ ಸೂಪರ್ ತಾನೆ? ಕೆಳಗಿನ ಮೊತ್ತವೂ 2400 ಆಗುತ್ತದೆ. 2400 ಭಾಗಿಸು 2400, ಎಲ್ಲ ಕಡೆ 100%.

ನಂಬಿಕೆ ಬರದಿದ್ದರೆ ಕಣ್ಣಾರೆ ನೋಡಬಹುದು. ಪರ್ಫಾರ್ಮೆನ್ಸ್ ಅನಲೈಸರ್ ತೆರೆದು ರೆಕಾರ್ಡಿಂಗ್ ಶುರು ಮಾಡಿ, ವಿಷುಯಲ್ (ಪುಟದ ಮೇಲಿನ ಪಟ್ಟಿ ಅಥವಾ ಚಾರ್ಟು) ರಿಫ್ರೆಶ್ ಮಾಡಿ, ಕಾಪಿ ಕ್ವೆರಿ ಒತ್ತಿ ನೋಟ್‌ಪ್ಯಾಡ್‌ಗೆ ಅಂಟಿಸಿ. ಗ್ರೇಡ್ ಪಕ್ಕದಲ್ಲೇ ಗ್ರೇಡ್ ಕ್ರಮ ಕೂತಿರುತ್ತದೆ.

ಸದ್ಯಕ್ಕೆ ಸರಿ ಮಾಡಲು ಎರಡೂ ಕಾಲಂ ಹೆಸರು ಕೊಡಿ:

ಕ್ಯಾಲ್ಕ್ಯುಲೇಟ್( [ಒಟ್ಟು ಬಾಕ್ಸ್], ರಿಮೂವ್‌ಫಿಲ್ಟರ್ಸ್( 'ಮಾಲು'[ಗ್ರೇಡ್], 'ಮಾಲು'[ಗ್ರೇಡ್ ಕ್ರಮ] ) )

ಇಷ್ಟಕ್ಕೇ 40 ಮತ್ತು 60 ವಾಪಸ್ ಬರುತ್ತದೆ.

ಆದರೆ ನಾನು ನಿಮ್ಮ ಜಾಗದಲ್ಲಿದ್ದರೆ ಇಷ್ಟಕ್ಕೆ ನಿಲ್ಲಿಸುವುದಿಲ್ಲ. ನಾಳೆ ತಿಂಗಳಿನ ಹೆಸರಿಗೂ ಇದೇ ಆಗುತ್ತದೆ. ಏಪ್ರಿಲ್, ಮೇ, ಜೂನ್ ಅಕ್ಷರಮಾಲೆಯಲ್ಲಿ ನಿಲ್ಲುವುದಿಲ್ಲ, ಅದಕ್ಕೂ ಕ್ರಮದ ಕಾಲಂ ಕಟ್ಟುತ್ತೀರಿ. ಪ್ರತಿ ಮೆಷರ್‌ನಲ್ಲೂ ಎರಡೆರಡು ಹೆಸರು ನೆನಪಿಟ್ಟುಕೊಂಡು ಬರೆಯುವುದು ಕಷ್ಟ. ಗ್ರೇಡ್‌ಗೆ ಒಂದು ಬೇರೆ ಟೇಬಲ್ ಮಾಡಿ. ಹೆಸರು ಗ್ರೇಡ್ ಪಟ್ಟಿ. ನಾಲ್ಕೇ ಸಾಲು, ಎರಡೇ ಕಾಲಂ: ಗ್ರೇಡ್ ಮತ್ತು ಗ್ರೇಡ್ ಕ್ರಮ. ಮಾಲು ಟೇಬಲ್‌ಗೆ ಗ್ರೇಡ್ ಮೂಲಕ ಸಂಬಂಧ ಕೊಡಿ. ಸಾರ್ಟ್ ಬೈ ಕಾಲಂ ಅಲ್ಲೇ ಕಟ್ಟಿ. ಆಮೇಲೆ ಫಾರ್ಮುಲಾ ಹೀಗೆ:

ಸೆಂಟರ್ ಒಳಗಿನ ಪಾಲು =
ಡಿವೈಡ್(
[ಒಟ್ಟು ಬಾಕ್ಸ್],
ಕ್ಯಾಲ್ಕ್ಯುಲೇಟ್( [ಒಟ್ಟು ಬಾಕ್ಸ್], ರಿಮೂವ್‌ಫಿಲ್ಟರ್ಸ್( 'ಗ್ರೇಡ್ ಪಟ್ಟಿ' ) )
)

ಇಡೀ ಟೇಬಲ್ ಹೆಸರು ಕೊಟ್ಟಿರುವುದರಿಂದ ಅದರೊಳಗಿನ ಎಲ್ಲ ಕಾಲಂ ಫಿಲ್ಟರೂ ಹೋಗುತ್ತದೆ. ನಾಳೆ ಗ್ರೇಡ್‌ಗೆ ಇನ್ನೊಂದು ಕಾಲಂ ಸೇರಿಸಿದರೂ ಫಾರ್ಮುಲಾ ಮುಟ್ಟಬೇಕಾಗಿಲ್ಲ. ಒಂದು ಎಚ್ಚರ: ಮೇಟ್ರಿಕ್ಸ್‌ನಲ್ಲಿ, ಸ್ಲೈಸರ್‌ನಲ್ಲಿ (ಪುಟದ ಮೇಲಿನ ಆಯ್ಕೆ ಪೆಟ್ಟಿಗೆ) ಎಲ್ಲ ಕಡೆಯೂ ಗ್ರೇಡ್ ಪಟ್ಟಿಯ ಗ್ರೇಡನ್ನೇ ಎಳೆಯಿರಿ. ಮಾಲು ಟೇಬಲ್‌ನ ಗ್ರೇಡನ್ನು ಬಳಸಿದರೆ ಮತ್ತೆ ಅದೇ 100%. ಅದಕ್ಕೇ ಮಾಲು ಟೇಬಲ್‌ನ ಗ್ರೇಡನ್ನು ಹೈಡ್ ಮಾಡಿಬಿಡಿ, ಯಾರ ಕೈಗೂ ಸಿಗಬಾರದು.

ನೀವು ಕ್ರಮದ ಕಾಲಂ ಪವರ್ ಕ್ವೆರಿಯಲ್ಲಿ ಮಾಡಿದ್ದು ಒಳ್ಳೆಯದು. ಅದನ್ನೇ ಗ್ರೇಡ್‌ನಿಂದ ಡಾಕ್ಸ್ (ಪವರ್ ಬಿಐ ಫಾರ್ಮುಲಾ ಭಾಷೆ) ಕಾಲಂ ಆಗಿ ಮಾಡಿ ಗ್ರೇಡ್‌ಗೆ ಕಟ್ಟಲು ಹೋದರೆ ಸರ್ಕ್ಯುಲರ್ ಡಿಪೆಂಡೆನ್ಸಿ (ಒಂದನ್ನೊಂದು ನೆಚ್ಚಿ ಸುತ್ತುವುದು) ಅಂತ ತಡೆಯುತ್ತದೆ.

ಇನ್ನು ಡ್ಯಾಮೇಜ್ ಜಾಸ್ತಿ ಇರುವ ರೈತರ ಪಟ್ಟಿ. ಅದಕ್ಕೆ ಗ್ರೇಡನ್ನು ಸಾಲಿಗೆ ತರುವುದೇ ಬೇಡ. ಸಾಲಿನಲ್ಲಿ ರೈತರ ನಂಬರ್ ಮಾತ್ರ ಇಟ್ಟು ಬೇರೆ ಮೆಷರ್ ಬರೆಯಿರಿ:

ಡ್ಯಾಮೇಜ್ ಪಾಲು =
ಡಿವೈಡ್(
ಕ್ಯಾಲ್ಕ್ಯುಲೇಟ್( [ಒಟ್ಟು ಬಾಕ್ಸ್], 'ಗ್ರೇಡ್ ಪಟ್ಟಿ'[ಗ್ರೇಡ್] = "ಡ್ಯಾಮೇಜ್" ),
[ಒಟ್ಟು ಬಾಕ್ಸ್]
)

ಇಲ್ಲಿ ಕೆಳಗಡೆ ಏನೂ ತೆಗೆಯುವ ಕೆಲಸ ಇಲ್ಲ, ಮೇಲೆ ಒಂದು ಫಿಲ್ಟರ್ ಸೇರಿಸುತ್ತೇವೆ ಅಷ್ಟೇ. ಈ ಮೆಷರ್ ಮೇಲೆ ಸಾರ್ಟ್ ಮಾಡಬಹುದು, ಬಣ್ಣ ಹಾಕಬಹುದು, ಇನ್ನೊಂದು ಮೆಷರ್ ಒಳಗೂ ಕರೆಯಬಹುದು. ಪಕ್ಕದಲ್ಲಿ ಒಟ್ಟು ಬಾಕ್ಸ್ ಕಾಲಂ ಇಡುವುದು ಮರೆಯಬೇಡಿ. ಎರಡು ಬಾಕ್ಸ್ ತಂದು ಒಂದು ಡ್ಯಾಮೇಜ್ ಆದ ರೈತರ ಪಾಲು 50%. ಅವರೇ ಪಟ್ಟಿಯ ತಲೆಗೆ ಬಂದು ಕೂರುತ್ತಾರೆ. ನಿಜವಾಗಿ ನಷ್ಟ ಆಗುತ್ತಿರುವ ದೊಡ್ಡ ತೋಟ ಕೆಳಗೆ ಉಳಿಯುತ್ತದೆ. ಇಷ್ಟು ಬಾಕ್ಸ್‌ಗಿಂತ ಮೇಲಿದ್ದವರು ಮಾತ್ರ ಅಂತ ವಿಷುಯಲ್ ಫಿಲ್ಟರ್ ಹಾಕಿ.

ಮಾಲೂರು_ಡೇಟಾ

ಇಷ್ಟೆಲ್ಲ ಯಾಕೆ? ಆಲ್‌ಎಕ್ಸೆಪ್ಟ್ ಬಳಸಿದರೆ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಸೆಂಟರ್ ಬಿಟ್ಟು ಉಳಿದ ಎಲ್ಲ ಫಿಲ್ಟರ್ ತೆಗೆ ಅಂತ ಹೇಳಿದರೆ ಆಯಿತು. ಕ್ರಮದ ಕಾಲಂ ಕೂಡ ಅದರಲ್ಲೇ ಹೋಗುತ್ತದೆ.

ಕ್ಯಾಲ್ಕ್ಯುಲೇಟ್( [ಒಟ್ಟು ಬಾಕ್ಸ್], ಆಲ್‌ಎಕ್ಸೆಪ್ಟ್( 'ಮಾಲು', 'ಮಾಲು'[ಸೆಂಟರ್] ) )

ನಾನು ಇಲ್ಲಿ ಮಾಲೂರಿನ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ರಿಜೆಕ್ಷನ್ ರಿಪೋರ್ಟಿಗೆ ಇದನ್ನೇ ಬಳಸುತ್ತೇನೆ. ಚೆನ್ನಾಗೇ ನಡೆಯುತ್ತಿದೆ.

ಚಿಂತಾಮಣಿ_ಲೆಕ್ಕ

ಸರ್, ನಿಮ್ಮ ರಿಪೋರ್ಟಿನಲ್ಲಿ ತಿಂಗಳ ಸ್ಲೈಸರ್ ಇದೆಯಾ? ಇಲ್ಲದಿದ್ದರೆ ನಡೆಯುತ್ತದೆ. ಇದ್ದರೆ ಒಂದು ಸಲ ನೋಡಿ.

ಆಲ್‌ಎಕ್ಸೆಪ್ಟ್ ಹೇಳಿದ ಮಾತು ಅಕ್ಷರಶಃ ಕೇಳುತ್ತದೆ. ಸೆಂಟರ್ ಒಂದು ಬಿಟ್ಟು ಎಲ್ಲವನ್ನೂ ತೆಗೆ ಅಂದರೆ ದಿನಾಂಕವನ್ನೂ ತೆಗೆಯುತ್ತದೆ. ಮೇಡಂ ಜೂನ್ ಆರಿಸಿದ್ದಾರೆ ಅಂದುಕೊಳ್ಳಿ. ಮೇಲೆ ಬರುವುದು ಜೂನ್‌ನ ಸೂಪರ್ 2400. ಕೆಳಗೆ ಬರುವುದು ಫೈಲಿನಲ್ಲಿರುವ ಎಲ್ಲ ತಿಂಗಳ ಬೈರಕೂರಿನ ಮಾಲು. ಅದು 30,000 ಇದ್ದರೆ 8% ಬರುತ್ತದೆ. ನಾಲ್ಕು ಗ್ರೇಡ್ ಕೂಡಿದರೆ 100 ಬರುವುದಿಲ್ಲ, 20 ಬರುತ್ತದೆ. ಇದು 100% ಥರ ಕಣ್ಣಿಗೆ ಹೊಡೆಯುವುದಿಲ್ಲ. ನೋಡುವುದಕ್ಕೆ ನಿಜವಾದ ಶೇಕಡಾ ಥರಾನೇ ಇರುತ್ತದೆ, ಅದೇ ಅಪಾಯ. ದಿನಾಂಕ ಬೇರೆ ಕ್ಯಾಲೆಂಡರ್ ಟೇಬಲ್‌ನಲ್ಲಿದ್ದರೂ ತಪ್ಪಿಸಿಕೊಳ್ಳುವುದಿಲ್ಲ. ಮಾಲು ಟೇಬಲ್ ಮೇಲೆ ಆಲ್‌ಎಕ್ಸೆಪ್ಟ್ ಹಾಕಿದರೆ ಸಂಬಂಧದ ಆ ಕಡೆ ಇರುವ ಕ್ಯಾಲೆಂಡರ್ ಫಿಲ್ಟರೂ ಹೋಗುತ್ತದೆ. ರೈತರ ಸಾಲಿನಲ್ಲೂ ಅಷ್ಟೇ, ಒಬ್ಬ ರೈತನ ಸೂಪರನ್ನು ಇಡೀ ಸೆಂಟರಿನ ಮೊತ್ತದಿಂದ ಭಾಗಿಸುತ್ತದೆ.

ಯಾವುದನ್ನು ಉಳಿಸಬೇಕು ಅಂತ ಪಟ್ಟಿ ಮಾಡುವುದಕ್ಕಿಂತ ಯಾವುದನ್ನು ತೆಗೆಯಬೇಕು ಅಂತ ಹೇಳುವುದು ನನಗೆ ಇಷ್ಟ. ಗ್ರೇಡ್ ಫಿಲ್ಟರ್ ತೆಗೆ ಅಂದರೆ ಗ್ರೇಡ್ ಮಾತ್ರ ಹೋಗುತ್ತದೆ. ಜೂನ್ ಜೂನ್ ಆಗೇ ಇರುತ್ತದೆ, ರೈತರು ರೈತರಾಗೇ ಇರುತ್ತಾರೆ.

ಒಂದು ಪಕ್ಕದ ಮಾತು. ಡಾಕ್ಸ್ ಭಾಷೆ 2010ರಲ್ಲಿ ಎಕ್ಸೆಲ್‌ನ ಪವರ್ ಪಿವಟ್ ಜೊತೆ ಬಂದದ್ದು. ರಿಮೂವ್‌ಫಿಲ್ಟರ್ಸ್ ಸೇರಿದ್ದು 2019ರಲ್ಲಿ. ಅದಕ್ಕೆ ಮುಂಚಿನ ಪಾಠಗಳಲ್ಲಿ ಅದರ ಜಾಗದಲ್ಲಿ ಆಲ್ ಅಂತ ಇರುತ್ತದೆ. ಕ್ಯಾಲ್ಕ್ಯುಲೇಟ್ ಒಳಗೆ ಫಿಲ್ಟರ್ ತೆಗೆಯುವ ಕೆಲಸಕ್ಕೆ ಎರಡೂ ಒಂದೇ. ಗೊಂದಲ ಬೇಡ.

ಮಾಲೂರು_ಡೇಟಾ

ನಮ್ಮಲ್ಲಿ ತಿಂಗಳಿಗೊಂದು ಫೈಲು, ಸ್ಲೈಸರ್ ಇಲ್ಲ. ಅದಕ್ಕೇ ಕಂಡಿಲ್ಲ. ವರ್ಷದ ಫೈಲು ಮಾಡುವಾಗ ಬದಲಾಯಿಸುತ್ತೇನೆ ಸರ್. ಒಳ್ಳೆಯ ಮಾಹಿತಿ.

ಮುಳಬಾಗಿಲು_ಮಾಲು

ಚಿಂತಾಮಣಿ ಸರ್, ಗ್ರೇಡ್ ಪಟ್ಟಿ ಮಾಡಿ ಸಂಬಂಧ ಕೊಟ್ಟೆ. ಎಲ್ಲ ಸರಿಯಾಗಿ ಬಂತು. ಬೈರಕೂರು 40, ಆವಣಿ 50, ತಾಯಲೂರು 60. ಸೂಪರ್ ಮೊದಲ ಸಾಲಿನಲ್ಲೇ ಇದೆ. ಕಾಪಿ ಕ್ವೆರಿ ಮಾಡಿ ನೋಡಿದೆ, ನೀವು ಹೇಳಿದ ಹಾಗೆ ಕ್ರಮದ ಕಾಲಂ ಅಲ್ಲಿ ಇದ್ದೇ ಇದೆ. ತುಂಬ ಉಪಕಾರ ಆಯಿತು.

ಎರಡು ಪ್ರಶ್ನೆ ಉಳಿದಿವೆ. ಒಂದು, ನಿರ್ದೇಶಕರಲ್ಲಿ ಒಬ್ಬರು ಡ್ಯಾಮೇಜ್ ಬಿಟ್ಟು ಮಾರಾಟಕ್ಕೆ ಹೋದ ಮಾಲಿನಲ್ಲಿ ಮಾತ್ರ ಪಾಲು ನೋಡಬೇಕು ಅಂತಾರೆ. ಸ್ಲೈಸರ್‌ನಲ್ಲಿ ಡ್ಯಾಮೇಜ್ ತೆಗೆದರೂ ಸೂಪರ್ 40% ಅಂತಲೇ ನಿಲ್ಲುತ್ತದೆ. ಕೆಳಗಿನ ಮೊತ್ತ 6000 ಬಿಟ್ಟು ಕದಲುವುದಿಲ್ಲ.

ಎರಡು, ಇಡೀ ಕಂಪನಿಯ ಸೂಪರ್ ಪಾಲು ಒಂದೇ ಅಂಕಿ ತೋರಿಸುವ ಕಾರ್ಡಿನಲ್ಲಿ 45.5% ಬರುತ್ತಿದೆ. ಅವರು ಕೈಲೆಕ್ಕ ಮಾಡಿ 40, 50, 60 ಕೂಡಿ ಮೂರರಿಂದ ಭಾಗಿಸಿ 50 ಬರಬೇಕು ಅಂತಾರೆ. ನನಗೆ 45.5 ಸರಿ ಅನ್ನಿಸುತ್ತದೆ. ಆದರೆ ಹಿರಿಯರಿಗೆ ಹೇಗೆ ಹೇಳಲಿ?

ಚಿಂತಾಮಣಿ_ಲೆಕ್ಕ

ಎರಡನೆಯದ್ದು ಮೊದಲು, ಯಾಕೆಂದರೆ ಅದೇ ದೊಡ್ಡದು. ನಿಮ್ಮ 45.5 ಸರಿ. ಸೂಪರ್ ಬಾಕ್ಸ್ 2400, 1250, 900, ಒಟ್ಟು 4550. ಮಾಲು 10,000. ಅವರು ಮೂರು ಶೇಕಡಾ ಕೂಡಿ ಮೂರರಿಂದ ಭಾಗಿಸಿದಾಗ ಬೈರಕೂರಿನ 6000 ಬಾಕ್ಸ್‌ಗೂ ತಾಯಲೂರಿನ 1500 ಬಾಕ್ಸ್‌ಗೂ ಒಂದೇ ತೂಕ ಕೊಟ್ಟ ಹಾಗಾಯಿತು. ಹಾಲಿನ ಡೇರಿಯಲ್ಲಿ ಇದು ಎಲ್ಲರಿಗೂ ಗೊತ್ತಿರುವ ವಿಷಯ. ಹತ್ತು ಲೀಟರ್ ಹಾಕುವವರ ಫ್ಯಾಟನ್ನೂ ಒಂದು ಲೀಟರ್ ಹಾಕುವವರ ಫ್ಯಾಟನ್ನೂ ಕೂಡಿ ಎರಡರಿಂದ ಭಾಗಿಸಿ ಕ್ಯಾನಿನ ಫ್ಯಾಟ್ ಹೇಳುವುದಕ್ಕೆ ಆಗುತ್ತದಾ? ಹಿರಿಯರಿಗೆ ಹೀಗೆ ಹೇಳಿ, ಅವರ ಮನೆಯಲ್ಲೂ ಹಸು ಇರುತ್ತದೆ.

ಮೆಷರ್‌ನ ಒಳ್ಳೆಯ ಗುಣವೇ ಇದು. ಟೋಟಲ್ ಸಾಲಿಗೆ ಬಂದಾಗ ಮೇಲಿನ ಶೇಕಡಾಗಳನ್ನು ಕೂಡುವುದಿಲ್ಲ, ಸರಾಸರಿ ತೆಗೆಯುವುದೂ ಇಲ್ಲ. ಬಾಕ್ಸ್‌ಗಳನ್ನು ಹೊಸದಾಗಿ ಕೂಡಿ ಮತ್ತೆ ಭಾಗಿಸುತ್ತದೆ. ಅದಕ್ಕೇ ಪಾಲನ್ನು ಯಾವತ್ತೂ ಕ್ಯಾಲ್ಕ್ಯುಲೇಟೆಡ್ ಕಾಲಂ ಆಗಿ ಮಾಡಬೇಡಿ. ಕಾಲಂ ಡೇಟಾ ರಿಫ್ರೆಶ್ ಆದಾಗ ಒಂದು ಸಲ ಲೆಕ್ಕ ಆಗಿ ಗಟ್ಟಿಯಾಗುತ್ತದೆ. ಸ್ಲೈಸರ್‌ಗೆ ಅಲುಗಾಡುವುದಿಲ್ಲ. ಟೋಟಲ್‌ನಲ್ಲಿ ಶೇಕಡಾಗಳನ್ನು ಸುಮ್ನೆ ಕೂಡಿಬಿಡುತ್ತದೆ.

ಮೊದಲನೆಯದಕ್ಕೆ ಆಲ್‌ಸೆಲೆಕ್ಟೆಡ್:

ಆರಿಸಿದ ಗ್ರೇಡ್ ಒಳಗಿನ ಪಾಲು =
ಡಿವೈಡ್(
[ಒಟ್ಟು ಬಾಕ್ಸ್],
ಕ್ಯಾಲ್ಕ್ಯುಲೇಟ್( [ಒಟ್ಟು ಬಾಕ್ಸ್], ಆಲ್‌ಸೆಲೆಕ್ಟೆಡ್( 'ಗ್ರೇಡ್ ಪಟ್ಟಿ' ) )
)

ರಿಮೂವ್‌ಫಿಲ್ಟರ್ಸ್ ಮೇಟ್ರಿಕ್ಸ್ ಸಾಲಿನಿಂದ ಬಂದ ಫಿಲ್ಟರನ್ನೂ ಸ್ಲೈಸರ್‌ನಿಂದ ಬಂದದ್ದನ್ನೂ ಒಟ್ಟಿಗೆ ತೆಗೆಯುತ್ತದೆ. ಆಲ್‌ಸೆಲೆಕ್ಟೆಡ್ ಸಾಲಿನದ್ದನ್ನು ಮಾತ್ರ ತೆಗೆದು ಸ್ಲೈಸರ್‌ನದ್ದನ್ನು ಉಳಿಸುತ್ತದೆ. ಡ್ಯಾಮೇಜ್ ಬಿಟ್ಟರೆ ಬೈರಕೂರಿನ ಕೆಳಗಿನ ಮೊತ್ತ 5600, ಸೂಪರ್ 42.9%. ತಾಯಲೂರು 1450ರಲ್ಲಿ 900, ಅಂದರೆ 62.1%.

ಎರಡನ್ನೂ ಇಟ್ಟುಕೊಳ್ಳಿ, ಆದರೆ ಒಂದೇ ಪುಟದಲ್ಲಿ ಬೇಡ. ಹೆಸರಿನಲ್ಲೇ ಯಾವುದರ ಪಾಲು ಅಂತ ಗೊತ್ತಾಗಬೇಕು. ಬರೀ ಶೇಕಡಾ ಅಂತ ಹೆಸರಿಟ್ಟ ಕಾಲಂ ಸಭೆಯಲ್ಲಿ ಜಗಳಕ್ಕೆ ದಾರಿ.

ಕೋಲಾರ_ಮಂಡಿ

ಸರ್, ಇನ್ನೊಂದು ದಾರಿ ಇದೆ. 2024ರ ಫೆಬ್ರವರಿಯಲ್ಲಿ ಪ್ರಿವ್ಯೂ ಆಗಿ ಬಂದ ವಿಷುಯಲ್ ಕ್ಯಾಲ್ಕ್ಯುಲೇಷನ್. ಅದರಲ್ಲಿ ಪರ್ಸೆಂಟ್ ಆಫ್ ಪೇರೆಂಟ್ ಅಂತ ಸಿದ್ಧ ಟೆಂಪ್ಲೇಟೇ ಇದೆ. ಒಳಗೆ ಕೊಲ್ಯಾಪ್ಸ್ ಫಂಕ್ಷನ್ ಬಳಸುತ್ತದೆ. ಗ್ರೇಡ್ ಸಾಲಿನಲ್ಲಿ ರೈತರ ಮೊತ್ತದ ಪಾಲು, ರೈತರ ಸಾಲಿನಲ್ಲಿ ಸೆಂಟರ್ ಮೊತ್ತದ ಪಾಲು, ತಾನೇ ಬರುತ್ತದೆ. ಎಕ್ಸೆಲ್ ಪಿವಟ್‌ನ ಪೇರೆಂಟ್ ರೋ ಟೋಟಲ್ ಗೊತ್ತಿದ್ದವರಿಗೆ ಇದು ಬೇಗ ಹಿಡಿಯುತ್ತದೆ.

ಚಿಂತಾಮಣಿ_ಲೆಕ್ಕ

ಹೌದು, ಚೆನ್ನಾಗಿದೆ. ಆದರೆ ಅದು ಆ ಒಂದು ವಿಷುಯಲ್ ಒಳಗೇ ಇರುತ್ತದೆ, ಬೇರೆ ಪುಟಕ್ಕೆ ಎಳೆಯಲು ಆಗುವುದಿಲ್ಲ. ಮೇಡಂಗೆ ಪಾಲು ಹಲವು ಪುಟಕ್ಕೆ ಬೇಕು, ಅದಕ್ಕೇ ಮೆಷರ್ ಹೇಳಿದೆ. ಅಷ್ಟೇ ಅಲ್ಲ, ಒಂದೇ ಕಾಲಂನಲ್ಲಿ ರೈತರ ಸಾಲಿಗೆ ಒಂದು ಅರ್ಥ, ಗ್ರೇಡ್ ಸಾಲಿಗೆ ಇನ್ನೊಂದು ಅರ್ಥ ಇದ್ದರೆ ಕಾಗದದ ಮೇಲೆ ಓದುವವರಿಗೆ ಕಷ್ಟ. ಇಸ್‌ಇನ್‌ಸ್ಕೋಪ್ (ಈಗ ಯಾವ ಹಂತದ ಸಾಲು ಅಂತ ಹೇಳುವ ಫಂಕ್ಷನ್) ಹಾಕಿ ಮೆಷರ್‌ನಲ್ಲೂ ಹಾಗೆ ಮಾಡಬಹುದು. ನಾನು ಮಾಡುವುದಿಲ್ಲ. ಎರಡು ಕಾಲಂ ಇಡುತ್ತೇನೆ.

ಮುಳಬಾಗಿಲು_ಮಾಲು

ಸಭೆ ಮುಗಿಯಿತು. ಡೇರಿ ಲೆಕ್ಕ ಹೇಳಿದ ತಕ್ಷಣ 45.5 ಒಪ್ಪಿಕೊಂಡರು. ತಾಯಲೂರಿನ ಬಗ್ಗೆ ಆ ಹಳೆ ಮಾತು ಈ ಸಲ ಯಾರೂ ಆಡಲಿಲ್ಲ. ಬದಲಿಗೆ ಬೈರಕೂರಿನಲ್ಲಿ ಡ್ಯಾಮೇಜ್ 6.7%, ತಾಯಲೂರಿನಲ್ಲಿ 3.3%, ಇಷ್ಟು ವ್ಯತ್ಯಾಸ ಯಾಕೆ ಅಂತ ಮಾತಾಯಿತು. ಮಾಲು ಜಾಸ್ತಿ ಬರುವ ಕಡೆ ಗ್ರೇಡ್ ಮಾಡಲು ಜಾಗ ಸಾಲದೆ ಬಾಕ್ಸ್ ಬಿಸಿಲಿನಲ್ಲಿ ಇರುತ್ತವೆ ಅಂತ ಅಲ್ಲಿಯವರೇ ಹೇಳಿದರು. ಶೆಡ್ ಬೈರಕೂರಿಗೇ ಹೋಗುತ್ತದೆ. ಅದು ಸರಿಯಾದ ಕಾರಣಕ್ಕೆ ಹೋಗುತ್ತಿದೆ ಅನ್ನುವುದು ನನಗೆ ಮುಖ್ಯ.

ಈಗ ಅವರಿಗೆ ಬಾಕ್ಸ್ ಪಾಲಿನ ಪಕ್ಕದಲ್ಲಿ ಹಣದ ಪಾಲೂ ಬೇಕಂತೆ. ಒಟ್ಟು ಬಾಕ್ಸ್ ಇಂಟು ಸರಾಸರಿ ರೇಟು ಸಾಕಾ?

ಚಿಂತಾಮಣಿ_ಲೆಕ್ಕ

ಸಾಲದು ಅಮ್ಮ. ಸರಾಸರಿ ರೇಟು ಹಾಕಿದರೆ ಮತ್ತೆ ಅದೇ ಸರಾಸರಿಯ ತೊಂದರೆ. ಪ್ರತಿ ಚೀಟಿಯ ಬಾಕ್ಸನ್ನು ಅದೇ ಚೀಟಿಯ ರೇಟಿನಿಂದ ಗುಣಿಸಿ ಆಮೇಲೆ ಕೂಡಬೇಕು. ಸಮ್‌ಎಕ್ಸ್ ಅದನ್ನೇ ಮಾಡುತ್ತದೆ.

ಒಟ್ಟು ಹಣ = ಸಮ್‌ಎಕ್ಸ್( 'ಮಾಲು', 'ಮಾಲು'[ಬಾಕ್ಸ್] * 'ಮಾಲು'[ರೇಟು] )

ಉದಾಹರಣೆಗೆ ಸೂಪರ್ ಬಾಕ್ಸ್‌ಗೆ 300 ರೂಪಾಯಿ, ಮೀಡಿಯಂ 200, ಸಣ್ಣದು 100, ಡ್ಯಾಮೇಜ್ 50 ಅಂತ ಇಟ್ಟುಕೊಳ್ಳಿ. ಬೈರಕೂರಿಗೆ 7,20,000, 4,80,000, 80,000, 20,000. ಒಟ್ಟು 13 ಲಕ್ಷ. ಬಾಕ್ಸ್ ಲೆಕ್ಕದಲ್ಲಿ 40% ಇದ್ದ ಸೂಪರ್ ಹಣದ ಲೆಕ್ಕದಲ್ಲಿ 55.4%. ತಾಯಲೂರಿಗೆ ಮಾಡಿದರೆ 73.5%. ಪಾಲಿನ ಮೆಷರ್ ಹಳೆಯದೇ, ಒಟ್ಟು ಬಾಕ್ಸ್ ಇರುವ ಎರಡೂ ಕಡೆ ಒಟ್ಟು ಹಣ ಹಾಕಿ. ಮೇಲೆ ಹಣ, ಕೆಳಗೆ ಬಾಕ್ಸ್ ಆಗಿಬಿಟ್ಟರೆ ಬರುವುದು ಪಾಲಲ್ಲ, ಅದಕ್ಕೆ ಎರಡೂ ಕಡೆ ಬದಲಾಯಿತಾ ಅಂತ ನೋಡಿ.

ಟೊಮೆಟೊ ರೇಟು ದಿನದಿಂದ ದಿನಕ್ಕೆ ಎಷ್ಟು ಏರಿಳಿಯುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಅದಕ್ಕೇ ಹಣದ ಪಾಲನ್ನು ತಿಂಗಳಿಗೆ ಒಟ್ಟಾಗಿ ಮಾತ್ರ ಕೊಡದೆ, ವಾರವಾರು ಒಂದು ಪುಟ ಇಡಿ. ರೇಟು ಏರಿದ ವಾರದಲ್ಲೇ ಒಂದು ಸೆಂಟರ್‌ನ ಸೂಪರ್ ಹೆಚ್ಚು ಬಂದಿದ್ದರೆ ತಿಂಗಳ ಅಂಕಿಯಲ್ಲಿ ಅದು ಬೆಳೆಯ ಗುಣದ ಹಾಗೆ ಕಾಣುತ್ತದೆ. ಗುಣಮಟ್ಟದ ತೀರ್ಮಾನಕ್ಕೆ ಬಾಕ್ಸ್ ಪಾಲು, ಆದಾಯದ ಮಾತಿಗೆ ಹಣದ ಪಾಲು.

ಮುಳಬಾಗಿಲು_ಮಾಲು

ಎರಡೂ ಕಡೆ ಬದಲಾಯಿಸಿದೆ, ನಾಲ್ಕು ಗ್ರೇಡ್ ಕೂಡಿ 100 ಬರುತ್ತಿದೆ. ವಾರದ ಪುಟಕ್ಕೆ ಕ್ಯಾಲೆಂಡರ್ ಟೇಬಲ್ ಮಾಡುತ್ತಿದ್ದೇನೆ. ವಾರದ ಹೆಸರಿಗೂ ಕ್ರಮದ ಕಾಲಂ ಕಟ್ಟಿದ್ದೇನೆ, ಪಾಲು ಕೆಟ್ಟಿಲ್ಲ.